ಯಂತ್ರದ ತೋಳು ಏಕೆ ಕುಸಿಯಿತು?

ಕಳೆದ ವರ್ಷ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರರಲ್ಲಿ ಒಬ್ಬನಾಗಿ ಕರೆದಿದ್ದರು. ಅಕ್ಕಪಕ್ಕದ ಎರಡು ಮೇಜುಗಳ ಮೇಲೆ ಎರಡು ಯಂತ್ರಬಾಹುಗಳಿದ್ದವು. ಮೊದಲನೆಯದು ಕಪ್ಪು ಬಣ್ಣದ, ನುಣುಪಾದ, ಕಣ್ಣಿಗೆ ಅಂದವಾದ ತೋಳು. ಗುಂಡಿಯನ್ನು ಒತ್ತಿದೊಡನೆ ಅದು ಬಾಗಿ, ಒಂದು ರಬ್ಬರಿನ ತುಂಡನ್ನು ಹಿಡಿದೆತ್ತಿ, ಪಕ್ಕದ ತಟ್ಟೆಯಲ್ಲಿಟ್ಟು, ಮತ್ತೆ ಸ್ವಸ್ಥಾನಕ್ಕೆ ಮರಳುತ್ತಿತ್ತು. ಎರಡನೆಯದು ಬಿಳಿಯ ಪ್ಲಾಸ್ಟಿಕ್ಕಿನದು; ಅಲ್ಲಲ್ಲಿ ಮರದ ಬೆಣೆ ಬಡಿದದ್ದು; ಮೊದಲನೆಯದರ ಎರಡರಷ್ಟು ಉದ್ದವಾದದ್ದು. ಗುಂಡಿಯೊತ್ತಿದಾಗ ಅದು ಒಮ್ಮೆ ನಡುಗಿ, ಅರ್ಧದಷ್ಟೂ ಏಳದೆ, ಮೇಜಿನ ಮೇಲೆ ಕುಸಿದು ಬಿದ್ದಿತು. ಸುತ್ತಲಿದ್ದವರು ನಕ್ಕರು. ಬಹುಮಾನ ಮೊದಲನೆಯದಕ್ಕೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ಹಾಗೆ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ.

ಸಂಜೆ ಎಲ್ಲರೂ ಸಾಮಾನು ಕಟ್ಟುತ್ತಿದ್ದಾಗ ಎರಡೂ ಮೇಜುಗಳ ಬಳಿಗೆ ಮತ್ತೆ ಹೋದೆನು. ಬಹುಮಾನ ಪಡೆದ ಹುಡುಗನನ್ನು, ಭುಜದಲ್ಲಿರುವ ಮೋಟಾರು ಎಷ್ಟು ಭಾರವನ್ನು ಎತ್ತಬಲ್ಲುದೆಂದು ಕೇಳಿದೆ. ಅವನಿಗೆ ತಿಳಿಯದು. ಬಿಡಿಭಾಗಗಳ ಪೆಟ್ಟಿಗೆಯನ್ನು ಕೊಂಡುತಂದು, ಜೊತೆಯ ಪುಸ್ತಿಕೆಯಲ್ಲಿದ್ದಂತೆ ತಿರುಪು ಬಿಗಿದುದಷ್ಟೇ ಅವನ ಕೆಲಸವಾಗಿತ್ತು. ಇದನ್ನು ಅವನು ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ವಿಷಯವೆಂದೂ ಅವನಿಗೆ ತೋರಿರಲಿಲ್ಲ. ಇನ್ನೊಬ್ಬ ಹುಡುಗನ ಬಳಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಅದರ ತುಂಬ ಮುರಿದ ತುಣುಕುಗಳು. ಒಂದೊಂದರ ಮೇಲೂ ತಾರೀಖು. ಅವನು ಕಾಲೇಜಿನ ಪ್ರಿಂಟರಿನಲ್ಲಿ ಒಂದು ಸಣ್ಣ ತೋಳನ್ನು ಮುದ್ರಿಸಿ ಆಡಿಸಿದ್ದನು. ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಪ್ರದರ್ಶನಕ್ಕೆ ದೊಡ್ಡದಾಗಿ ಕಾಣಲೆಂದು ಗಣಕದ ಪರದೆಯ ಮೇಲೆ ಅದನ್ನೇ ಇಮ್ಮಡಿ ಮಾಡಿ ಮುದ್ರಿಸಿದನು. ತೋಳು ಏಳದೆ ಹೋಯಿತು. "ಏಕೆ ಸಾರ್?" ಎಂದು ಅವನು ನನ್ನನ್ನೇ ಕೇಳಿದನು.

ಅಂದು ನಾವು ತಪ್ಪು ಮೇಜಿಗೆ ಬಹುಮಾನ ಕೊಟ್ಟೆವೆಂಬುದು ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸುವ ಸಲುವಾಗಿ ಈ ಲೇಖನ.

ಮೊದಲು ಈ ಪ್ರಿಂಟರಿನ ವಿಚಾರವಾಗಿ ಎರಡು ಮಾತು. ಇದು ಕಾಗದದ ಮೇಲೆ ಶಾಯಿಯನ್ನೊತ್ತುವ ಯಂತ್ರವಲ್ಲ. ತಂತಿಯಂತಿರುವ ಪ್ಲಾಸ್ಟಿಕ್ಕನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 0.4 ಮಿಲಿಮೀಟರ್ ರಂಧ್ರದ ಮೂತಿಯ ಮೂಲಕ ಎಳೆಯಾಗಿ ಸುರಿಯುತ್ತ, ಪದರದ ಮೇಲೆ ಪದರವನ್ನಿಟ್ಟು ವಸ್ತುವನ್ನು ಕಟ್ಟುತ್ತದೆ. ಹಬ್ಬದ ದಿನ ಅಂಗಳದಲ್ಲಿ ರಂಗೋಲಿಯ ಎಳೆಯನ್ನು ಬಿಡುವುದನ್ನು ನೆನೆಯಿರಿ. ಅದೇ ಎಳೆಯ ಮೇಲೆ ಮತ್ತೆ ಮತ್ತೆ ಎಳೆಯುತ್ತ ಹೋದರೆ ರಂಗೋಲಿ ಗೋಡೆಯಾಗಿ ಏಳುವುದಷ್ಟೆ. ಈ ವಿಧಾನದ ಹುಟ್ಟೂ ಮನೆಯಲ್ಲಿಯೇ. 1988ರಲ್ಲಿ ಅಮೆರಿಕದ ಸ್ಕಾಟ್ ಕ್ರಂಪ್ ಎಂಬ ಎಂಜಿನಿಯರು ತನ್ನ ಪುಟ್ಟ ಮಗಳಿಗೆ ಆಟದ ಕಪ್ಪೆಯೊಂದನ್ನು ಮಾಡಿಕೊಡಲು ಬಿಸಿ ಅಂಟಿನ ಬಂದೂಕಿನಲ್ಲಿ ಪ್ಲಾಸ್ಟಿಕ್ಕನ್ನೂ ಮೇಣವನ್ನೂ ಕಲಸಿ ಪದರಪದರವಾಗಿ ಸುರಿದು ನೋಡಿದನು. ಅವನ ಮೂಲ ಪೇಟೆಂಟಿನ ಅವಧಿ 2009ರಲ್ಲಿ ಮುಗಿಯಿತು. ಅದಕ್ಕೆ ಮೊದಲೇ, 2005ರಿಂದ, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದಲ್ಲಿ ಏಡ್ರಿಯನ್ ಬೋಯರ್ ಎಂಬುವರು ತನ್ನ ಬಿಡಿಭಾಗಗಳಲ್ಲಿ ಹಲವನ್ನು ತಾನೇ ಮುದ್ರಿಸಿಕೊಳ್ಳುವ ಪ್ರಿಂಟರನ್ನು ರೂಪಿಸುವ ಕೆಲಸದಲ್ಲಿ ತೊಡಗಿ, ಅದರ ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಇವೆರಡರ ಫಲವಾಗಿ, ಹಿಂದೆ ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಇದ್ದ ಯಂತ್ರ ಇಂದು ಕಾಲೇಜಿನ ಮೇಜಿನ ಮೇಲೆ ಬಂದು ಕುಳಿತಿದೆ. 2005ರಲ್ಲಿಯೇ ಇಟಲಿಯ ಇವ್ರಿಯಾ ಎಂಬಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಸಣ್ಣ ವಿದ್ಯುನ್ಮಾನ ಫಲಕವೂ ಜೊತೆಗೂಡಿದುದರಿಂದ, ಮನೆಯಲ್ಲಿ ಯಂತ್ರಬಾಹುವನ್ನು ಮಾಡುವುದು ಹೈಸ್ಕೂಲಿನ ಹುಡುಗರಿಗೂ ಸಾಧ್ಯವಾಯಿತು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಅವನ ಸಣ್ಣ ತೋಳಿನ ಅಳತೆಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದನು. ಭುಜದಿಂದ ಮೊಣಕೈಗೆ 8 ಸೆಂಟಿಮೀಟರ್. ಮೊಣಕೈಯಿಂದ ಚಿಮಟಕ್ಕೆ ಇನ್ನೊಂದು 8. ಒಂದೊಂದು ಪಟ್ಟಿಯೂ 2 ಸೆಂಟಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪ. ಒಳಗೆ ಪೂರ್ತಿ ಗಟ್ಟಿ. ಪ್ಲಾಸ್ಟಿಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.24 ಗ್ರಾಂ. ಆದುದರಿಂದ ಪಟ್ಟಿಯ ತೂಕ ಹೆಚ್ಚುಕಡಿಮೆ 12 ಗ್ರಾಂ. ಮೊಣಕೈಯಲ್ಲಿರುವ ಮೋಟಾರು ತಿರುಪುಗಳೊಡನೆ 10 ಗ್ರಾಂ. ತುದಿಯ ಚಿಮಟ 20 ಗ್ರಾಂ. ಇದರಲ್ಲಿ ಅರ್ಧ ಪ್ಲಾಸ್ಟಿಕ್ಕು, ಅರ್ಧ ಮೋಟಾರು. ಎತ್ತಬೇಕಾದ ರಬ್ಬರು 15 ಗ್ರಾಂ.

ತೋಳು ನೇರವಾಗಿ ಅಡ್ಡಕ್ಕೆ ಚಾಚಿದಾಗ ಭುಜದ ಮೋಟಾರಿಗೆ ಅತ್ಯಂತ ಕಷ್ಟ. ಆಗ ಒಂದೊಂದು ತೂಕವನ್ನೂ ಅದು ಭುಜದಿಂದಿರುವ ದೂರದಿಂದ ಗುಣಿಸಿ ಕೂಡಿಸಬೇಕು. ಟಾರ್ಕ್ ಎಂಬ ಹೆಸರಿನಿಂದ ನೀವು ಓದಿರುವ ತಿರುಗುಬಲವೆಂದರೆ ಇದೇ. ಪಟ್ಟಿಗಳೆರಡರಿಂದ 12×4 ಮತ್ತು 12×12, ಒಟ್ಟು 192, ಮೊಣಕೈಯಿಂದ 80, ಚಿಮಟದಿಂದ 320, ರಬ್ಬರಿನಿಂದ 240. ಎಲ್ಲ ಸೇರಿ 832 ಗ್ರಾಂ-ಸೆಂಟಿಮೀಟರ್, ಅಂದರೆ 0.83 ಕಿಲೋಗ್ರಾಂ-ಸೆಂಟಿಮೀಟರ್. ಭೌತಶಾಸ್ತ್ರದ ಅಧ್ಯಾಪಕನಾದ ನಾನು ಈ ಮಾನವನ್ನು ಬಳಸಬಾರದು. ಆದರೆ ಮೋಟಾರು ಮಾರುವವರು ಇದನ್ನೇ ಅಚ್ಚು ಹಾಕುತ್ತಾರೆ. 9 ಗ್ರಾಂ ತೂಕದ, ನೀಲಿ ಬಣ್ಣದ, ಎಲ್ಲ ಹುಡುಗರ ಕೈಯಲ್ಲೂ ಇರುವ ಆ ಸಣ್ಣ ಸರ್ವೊ ಮೋಟಾರಿನ ಗರಿಷ್ಠ ತಿರುಗುಬಲ 4.8 ವೋಲ್ಟಿನಲ್ಲಿ ಸುಮಾರು 1.8. ಇದು ಮೋಟಾರು ತಿರುಗಲಾರದೆ ನಿಂತೇ ಹೋಗುವ ಮಿತಿ. ಸುಖವಾಗಿ ಕೆಲಸ ಮಾಡಬೇಕಾದರೆ ಇದರ ಅರ್ಧದೊಳಗೆ ಇರಬೇಕು. 0.83 ಎಂಬುದು ಅರ್ಧದೊಳಗೆ ಇದೆ. ಸಣ್ಣ ತೋಳು ಕೆಲಸ ಮಾಡಿದುದರಲ್ಲಿ ಆಶ್ಚರ್ಯವಿಲ್ಲ.

ಈಗ ಇಮ್ಮಡಿ ಮಾಡಿ ನೋಡಿ. ಉದ್ದ ಎರಡರಷ್ಟು, ಅಗಲ ಎರಡರಷ್ಟು, ದಪ್ಪವೂ ಎರಡರಷ್ಟು. ಆದಕಾರಣ ತೂಕ ಎಂಟರಷ್ಟು. 12 ಗ್ರಾಂ ಇದ್ದ ಪಟ್ಟಿ 96 ಗ್ರಾಂ ಆಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಆ ತೂಕ ಭುಜದಿಂದ ಎರಡರಷ್ಟು ದೂರಕ್ಕೂ ಸರಿಯಿತು. ಹೀಗಾಗಿ ಪ್ಲಾಸ್ಟಿಕ್ಕಿನಿಂದ ಬರುವ ತಿರುಗುಬಲ ಹದಿನಾರರಷ್ಟಾಯಿತು. ಪಟ್ಟಿಗಳ 192, ಈಗ 3072. ಚಿಮಟದ ಪ್ಲಾಸ್ಟಿಕ್ಕು 10 ಗ್ರಾಮಿನಿಂದ 80ಕ್ಕೆ ಏರಿತು. ರಬ್ಬರನ್ನೂ ಮೋಟಾರುಗಳನ್ನೂ ಇದ್ದಂತೆಯೇ ಇಟ್ಟು ಲೆಕ್ಕ ಹಾಕಿದರೂ ಒಟ್ಟು 6.6 ಕಿಲೋಗ್ರಾಂ-ಸೆಂಟಿಮೀಟರ್ ಬರುತ್ತದೆ. 1.8ರ ಮೋಟಾರು ಇದನ್ನು ಎತ್ತುವುದು ಹೇಗೆ? ಮೊಣಕೈಯ ಮೋಟಾರಿನ ಪಾಲಿಗೂ 2.4 ಬಿದ್ದುದರಿಂದ ಅದೂ ಸೋತಿತು. ಹುಡುಗನು "ಎರಡರಷ್ಟು ಭಾರವಾಗುತ್ತದೆಂದುಕೊಂಡೆ" ಎಂದು ಹೇಳಿದನು. ನಗಬೇಡಿರಿ. ದೊಡ್ಡದು ಸಣ್ಣದರ ಹಿಗ್ಗಿದ ರೂಪವಷ್ಟೇ ಎಂದು ಅವನಿಗಿಂತ ದೊಡ್ಡವರೂ ಬಹುಕಾಲ ನಂಬಿದ್ದರು. ಹಾಗಲ್ಲವೆಂದು ಗೆಲಿಲಿಯೊ 1638ರಲ್ಲಿ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ತೋರಿಸಿಕೊಡಬೇಕಾಯಿತು. ದೈತ್ಯ ಪ್ರಾಣಿಯ ಎಲುಬು ಸಣ್ಣ ಪ್ರಾಣಿಯ ಎಲುಬಿನ ಆಕಾರದಲ್ಲಿಯೇ ಇದ್ದರೆ ಸಾಲದು, ಅದು ಬೇರೆಯೇ ಪ್ರಮಾಣದಲ್ಲಿ ದಪ್ಪವಾಗಿರಬೇಕೆಂದು ಅವನು ಚಿತ್ರ ಬರೆದು ವಿವರಿಸಿದನು.

ಗಣಕದ ಪರದೆಗೆ ಗೆಲಿಲಿಯೊ ಗೊತ್ತಿಲ್ಲ. ಪರದೆಯ ಮೇಲೆ ವಸ್ತುವಿಗೆ ಆಕಾರವುಂಟು, ತೂಕವಿಲ್ಲ. ಒಂದೇ ಒತ್ತಿನಿಂದ ನೂರು ಪಟ್ಟು ಹಿಗ್ಗಿಸಿದರೂ ಅದು ನರಳುವುದಿಲ್ಲ. ಮೋಟಾರು ಕೂರುವ ಗೂಡೂ ತೋಳಿನೊಡನೆ ಹಿಗ್ಗಿದುದರಿಂದ ಹುಡುಗನು ಮರದ ಬೆಣೆ ಬಡಿಯಬೇಕಾಗಿ ಬಂದಿತ್ತು. ಆ ಬೆಣೆಗಳನ್ನು ಕಂಡು ನಾವು ತೀರ್ಪುಗಾರರು "ಅಚ್ಚುಕಟ್ಟಿಲ್ಲ" ಎಂದು ಅಂಕ ಕಳೆದೆವು. ಗೂಡು ಹಿಗ್ಗಿತು, ಮೋಟಾರು ಹಿಗ್ಗಲಿಲ್ಲ ಎಂಬ ಅಂಶದಲ್ಲಿಯೇ ಉತ್ತರದ ಅರ್ಧವಿತ್ತು. ನಮಗೆ ಅದು ಕಾಣಲಿಲ್ಲ.

ಡಬ್ಬಿಯಲ್ಲಿದ್ದ ಇನ್ನೊಂದು ತುಣುಕಿನ ಕಥೆಯನ್ನೂ ಹೇಳಬೇಕು. ಮೊದಮೊದಲು ಮುದ್ರಿಸಿದ ಪಟ್ಟಿಗಳು ಬುಡದಲ್ಲಿ ತಟಕ್ಕನೆ ಮುರಿಯುತ್ತಿದ್ದವು. ಮುರಿದ ಮೈ ಕೊಯ್ದಂತೆ ನೇರವಾಗಿರುತ್ತಿತ್ತು. ಪ್ಲಾಸ್ಟಿಕ್ಕು ಕಳಪೆಯೆಂದು ಹುಡುಗನು ಬಗೆದಿದ್ದನು. ಅದನ್ನು ಅವನ ಬೀದಿಯ ಬಡಗಿಗೆ ತೋರಿಸಿದಾಗ ಆತನು ಬೆರಳಿನಿಂದ ಸವರಿ, "ಎಳೆ ಅಡ್ಡಕ್ಕಿದೆಯಲ್ಲ, ಮುರಿಯದೆ ಏನು ಮಾಡೀತು?" ಎಂದನಂತೆ. ಪ್ರಿಂಟರನ್ನು ಕಂಡೇ ಇರದ ಮನುಷ್ಯ! ಆದರೆ ಆತನ ಮಾತು ಸರಿ. ಪಟ್ಟಿಯನ್ನು ಕಂಬದಂತೆ ನಿಲ್ಲಿಸಿ ಮುದ್ರಿಸಿದರೆ ಪದರಗಳು ಅದರ ಉದ್ದಕ್ಕೆ ಅಡ್ಡವಾಗಿ ಬರುತ್ತವೆ. ತೋಳು ಬಾಗಿದಾಗ ಪದರವು ಪದರದಿಂದ ಕಿತ್ತುಬರುತ್ತದೆ. ಮಲಗಿಸಿ ಮುದ್ರಿಸಿದರೆ ಎಳೆಗಳು ಉದ್ದಕ್ಕೆ ಹರಿದು, ಬಿದಿರಿನ ನಾರಿನಂತೆ ಬಲ ಕೊಡುತ್ತವೆ. ನಕ್ಷೆ ಅದೇ, ಪ್ಲಾಸ್ಟಿಕ್ಕು ಅದೇ, ಯಂತ್ರ ಅದೇ. ಮಲಗಿಸಿದೆವೋ ನಿಲ್ಲಿಸಿದೆವೋ ಎಂಬುದರಿಂದಲೇ ಈ ಅಂತರ. ಇಳಿಸಿಕೊಂಡ ನಕ್ಷೆಯಲ್ಲಿ ಈ ಜ್ಞಾನ ಎಷ್ಟೋ ಸಲ ಇರುವುದೇ ಇಲ್ಲ.

ನಡುಕದ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ತೋಳು ನಡುಗಿದರೆ ವಿದ್ಯಾರ್ಥಿಗಳು ಮೊದಲು ದೂರುವುದು ತಾವು ಬರೆದ ಕ್ರಮವಿಧಿಯನ್ನು. ರಾತ್ರಿಯೆಲ್ಲ ಅದನ್ನೇ ತಿದ್ದುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ತಪ್ಪಿರುವುದು ವಿದ್ಯುತ್ತಿನಲ್ಲಿ. ಮೂರು ನಾಲ್ಕು ಮೋಟಾರುಗಳು ಒಮ್ಮೆಲೇ ಎಳೆದಾಗ, ಗಣಕದಿಂದ ಬರುವ ಅರ್ಧ ಆಂಪಿಯರು ಸಾಲದೆ ವೋಲ್ಟೇಜು ಕುಸಿಯುತ್ತದೆ. ಫಲಕವು ಮೂರ್ಛೆ ತಿಳಿದವನಂತೆ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಇಪ್ಪತ್ತು ರೂಪಾಯಿಯ ತಂತಿಯಲ್ಲಿ ಅಡಗಿದ ದೋಷವನ್ನು ಇನ್ನೂರು ಸಾಲಿನ ಬರಹದಲ್ಲಿ ಹುಡುಕಿದರೆ ಸಿಕ್ಕುವುದೆ?

ಕೊಂಡುತಂದ ಪೆಟ್ಟಿಗೆಯಿಂದ ಏನೂ ಕಲಿಯಲಾಗದು ಎಂದು ನಾನು ಹೇಳುತ್ತಿಲ್ಲ. ನಕಲು ಮಾಡುವುದು ಹೀನವೆಂದೂ ಅಲ್ಲ. ನಮ್ಮ ಶಿಲ್ಪಿಗಳೂ ಅಕ್ಕಸಾಲಿಗರೂ ಗುರುವಿನ ಕೆಲಸವನ್ನು ನಕಲು ಮಾಡುತ್ತಲೇ ಕಲಿತವರು. ಫ್ರಾನ್ಸ್ ದೇಶದ ಗಾಯೆಲ್ ಲಾಂಜ್ವ್ಯಾಂ ಎಂಬ ಶಿಲ್ಪಿಯೊಬ್ಬನು 2012ರಲ್ಲಿ ಇನ್‌ಮೂವ್ ಎಂಬ ಯಂತ್ರಮಾನವನ ಕೈಯನ್ನು ಮನೆಯ ಪ್ರಿಂಟರಿನಲ್ಲಿ ಮುದ್ರಿಸಿ, ಅದರ ನಕ್ಷೆಗಳನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟನು. ಬಳಿಕ ಕೈಗೆ ತೋಳು, ತೋಳಿಗೆ ಭುಜ, ತಲೆ, ಮುಂಡ ಎಂದು ವರ್ಷಗಟ್ಟಲೆ ಬೆಳೆಸುತ್ತ ಹೋದನು. 12 ಸೆಂಟಿಮೀಟರ್ ಘನದೊಳಗೆ ಹಿಡಿಯುವ ತುಣುಕುಗಳನ್ನೇ ಜೋಡಿಸಿ ಆಳೆತ್ತರದ ಆಕೃತಿಯನ್ನು ಕಟ್ಟಿದನು. ಅದರ ಬೆರಳುಗಳಲ್ಲಿ ಮೋಟಾರುಗಳಿಲ್ಲ, ಮೋಟಾರುಗಳು ಮುಂಗೈಯಲ್ಲಿವೆ. ಮೀನು ಹಿಡಿಯುವ ದಾರ ಅಲ್ಲಿಂದ ಹೊರಟು ಬೆರಳುಗಳನ್ನು ಎಳೆಯುತ್ತದೆ. ನಿಮ್ಮ ಕೈಯನ್ನೇ ಮುಷ್ಟಿ ಮಾಡಿ, ಇನ್ನೊಂದು ಕೈಯಿಂದ ಮುಂಗೈಯನ್ನು ಹಿಡಿದು ನೋಡಿರಿ. ಸ್ನಾಯುಗಳು ಅಲ್ಲಿ ಉಬ್ಬುತ್ತವೆ. ಬೆರಳಿನ ತೂಕ ಕಡಿಮೆಯಾಗಬೇಕು, ಬಲ ಬೇರೆಡೆಯಿಂದ ಬರಬೇಕು ಎಂಬ ಉಪಾಯವನ್ನು ದೇಹವೂ ಕಂಡುಕೊಂಡಿದೆ, ನಮ್ಮ ಸೂತ್ರದ ಬೊಂಬೆಯಾಟದವರೂ ಕಂಡುಕೊಂಡಿದ್ದಾರೆ. ಈ ಕೈಯನ್ನು ನಕಲು ಮಾಡುವ ವಿದ್ಯಾರ್ಥಿ ದಾರ ಏಕೆ ಅಲ್ಲಿಂದ ಹೊರಡುತ್ತದೆಂದು ಕೇಳಿದರೆ ಸಾಕು, ನಕಲು ಸಾರ್ಥಕ. ಕೇಳದಿದ್ದರೆ ಅವನು ಮುದ್ರಿಸಿದುದು ಬರಿಯ ಬೊಂಬೆ.

ಆದರೆ ಕೇಳುವ ಅವಕಾಶವನ್ನು ನಾವು ಕೊಟ್ಟಿದ್ದೇವೆಯೆ? ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ನೀಲ್ ಗರ್ಶನ್‌ಫೆಲ್ಡ್ ಎಂಬ ಭೌತವಿಜ್ಞಾನಿ 1998ರಲ್ಲಿ, ಹೆಚ್ಚುಕಡಿಮೆ ಏನನ್ನು ಬೇಕಾದರೂ ಮಾಡುವುದು ಹೇಗೆ ಎಂಬ ಹೆಸರಿನಲ್ಲಿ ಒಂದು ತರಗತಿಯನ್ನು ತೆರೆದರು. ಕೆಲವೇ ಸಂಶೋಧಕರು ಬರುವರೆಂದು ಎಣಿಸಿದ್ದರೆ ಕಲೆ, ವಾಸ್ತುಶಿಲ್ಪ ಓದುವವರೂ ನುಗ್ಗಿದರು. ಕಿರುಚಿದ ದನಿಯನ್ನು ತುಂಬಿಟ್ಟುಕೊಂಡು ಬೇಕಾದಾಗ ಬಿಡುವ ಚೀಲವನ್ನು ಒಬ್ಬ ವಿದ್ಯಾರ್ಥಿನಿ ಮಾಡಿದಳಂತೆ! ಅಲ್ಲಿಂದ ಹೊರಟ ಕಲ್ಪನೆಯೇ ಫ್ಯಾಬ್ ಲ್ಯಾಬ್ ಎಂಬ ಜನಸಾಮಾನ್ಯರ ಕಮ್ಮಟ. ಅಮೆರಿಕದಿಂದಾಚೆ ಮೊಟ್ಟಮೊದಲು ಆರಂಭವಾದ ಅಂಥ ಕಮ್ಮಟಗಳಲ್ಲಿ ಒಂದು 2002ರಲ್ಲಿ ನೆಲೆಗೊಂಡುದು ಪುಣೆಯ ಬಳಿಯ ಪಾಬಳ ಎಂಬ ಹಳ್ಳಿಯಲ್ಲಿ, ಅಲ್ಲಿನ ವಿಜ್ಞಾನ ಆಶ್ರಮದಲ್ಲಿ. ಶಾಲೆ ಬಿಟ್ಟ ಹಳ್ಳಿಯ ಮಕ್ಕಳಿಗೆ ಕೈಕೆಲಸದ ಮೂಲಕ ವಿಜ್ಞಾನವನ್ನು ಕಲಿಸಬೇಕೆಂದು ಡಾ. ಶ್ರೀನಾಥ ಕಲಬಾಗರು 1983ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. 2016ರಿಂದೀಚೆಗೆ ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳು ದೇಶದ ಸಾವಿರಾರು ಶಾಲೆಗಳಿಗೆ ಪ್ರಿಂಟರನ್ನೂ ವಿದ್ಯುನ್ಮಾನದ ಸಾಮಾನುಗಳನ್ನೂ ತಲುಪಿಸಿವೆ. ನಿಮ್ಮಲ್ಲಿ ಅನೇಕರ ಶಾಲೆಯಲ್ಲಿಯೂ ಇದ್ದೀತು.

ಯಂತ್ರ ಬಂದಿತೆಂದರೆ ಕೆಲಸವಾಯಿತೆಂದಲ್ಲ. ನಾನು ಕಂಡ ಒಂದೆಡೆ ಪ್ರಿಂಟರಿಗೆ ಜರಿಯಂಚಿನ ಬಟ್ಟೆ ಹೊದಿಸಿ, ಕೊಠಡಿಗೆ ಬೀಗ ಹಾಕಿದ್ದರು. ಮೂತಿ ಕಟ್ಟಿಕೊಂಡರೆ ಜವಾಬ್ದಾರಿ ಯಾರದು ಎಂಬ ಭಯ. ಮೇಲಿನವರು ಬಂದಾಗ ಮಾತ್ರ ತೆರೆದು, ಒಂದು ಗಣಪತಿಯನ್ನು ಮುದ್ರಿಸಿ ತೋರಿಸುವ ಪದ್ಧತಿ. ಮೂತಿ ಕಟ್ಟಿಕೊಳ್ಳುವುದು ಆ ಯಂತ್ರದ ಧರ್ಮ. ಅದನ್ನು ಬಿಚ್ಚಿ ಶುಚಿಮಾಡುವುದು ಪಾಠದ ಮೊದಲನೆಯ ಅಧ್ಯಾಯ. ಪ್ರಯೋಗಶಾಲೆಯ ಸಾಮಾನು ಒಡೆದರೆ ದಂಡ ಹಾಕುವ ನಮ್ಮ ಹಳೆಯ ನಿಯಮವನ್ನು ಈ ಕೊಠಡಿಯ ಮಟ್ಟಿಗಾದರೂ ಕೈಬಿಡಬೇಕು. ತುಣುಕು ಮುರಿಯದೆ ತೋಳು ತಯಾರಾಗುವುದಿಲ್ಲ.

ಪ್ರದರ್ಶನಗಳ ಬಗೆಗೂ ನನ್ನದೊಂದು ಸೂಚನೆಯಿದೆ. ಪ್ರತಿಯೊಬ್ಬ ಸ್ಪರ್ಧಿಯೂ ತನ್ನ ಯಂತ್ರದ ಪಕ್ಕದಲ್ಲಿ ಮುರಿದ ತುಣುಕುಗಳನ್ನೂ ಅಳತೆಯ ಪುಸ್ತಕವನ್ನೂ ಇಡಬೇಕು. ಅಂಕಗಳಲ್ಲಿ ಅರ್ಧ ಅವಕ್ಕೆ ಮೀಸಲಾಗಬೇಕು. ಮುರಿದ ತುಣುಕುಗಳನ್ನೂ ಯಾರಾದರೂ ಮಾರಲು ತೊಡಗಬಹುದು ಎಂದು ನನ್ನ ಸಹೋದ್ಯೋಗಿಯೊಬ್ಬರು ನಕ್ಕರು. ಆ ಅಪಾಯ ಇಲ್ಲದಿಲ್ಲ. ಅದಕ್ಕಾಗಿ ತೀರ್ಪುಗಾರನು ತೋಳಿನ ತುದಿಗೆ ಇನ್ನೊಂದು ರಬ್ಬರನ್ನು ಕಟ್ಟಿ, ಈಗ ಏಳುವುದೋ ಇಲ್ಲವೋ ಹೇಳು ಎಂದು ಮೊದಲೇ ಕೇಳಲಿ. ಏಳುವುದಿಲ್ಲವೆಂದು ಹೇಳಿ, ಅದು ಹಾಗೆಯೇ ಏಳದಿದ್ದರೆ ಪೂರ್ಣ ಅಂಕ ಕೊಡಲಿ.

ಆ ಹುಡುಗನು ಈ ವರ್ಷ ಮತ್ತೆ ಬಂದಿದ್ದನು, ಅದೇ ಡಬ್ಬಿಯೊಡನೆ. ತೋಳಿನ ಉದ್ದ ಅಷ್ಟೇ ಇದೆ. ಮೋಟಾರುಗಳೂ ಅವೇ, 9 ಗ್ರಾಮಿನವು. ಪಟ್ಟಿಗಳನ್ನು ಬಿದಿರಿನಂತೆ ಟೊಳ್ಳು ಮಾಡಿದ್ದಾನೆ, 1.5 ಮಿಲಿಮೀಟರ್ ಗೋಡೆ ಮಾತ್ರ ಉಳಿದುದರಿಂದ 96 ಗ್ರಾಮಿನ ಪಟ್ಟಿ 32ಕ್ಕೆ ಇಳಿದಿದೆ. ಚಿಮಟವನ್ನು ಹಳೆಯ ಸಣ್ಣ ಅಳತೆಗೇ ತಂದಿದ್ದಾನೆ. ಮೊಣಕೈಯ ಪಾಲು 0.82ಕ್ಕೆ ಬಂದು ಅದು ಚೆನ್ನಾಗಿ ಆಡುತ್ತಿದೆ. ಭುಜದ ಪಾಲಿಗೆ ಇನ್ನೂ 2.3 ಇತ್ತು. ಅದಕ್ಕೆ ಅವನು ಮಾಡಿದ ಉಪಾಯ ಅಜ್ಜನ ತೋಟದಲ್ಲಿ ಕಂಡದ್ದಂತೆ. ಬಾವಿಯಿಂದ ನೀರೆತ್ತುವ ಏತದ ಹಿಂದುಗಡೆ ಕಲ್ಲು ಕಟ್ಟುತ್ತಾರಲ್ಲವೆ? ಹಾಗೆಯೇ ಭುಜದಿಂದ ಹಿಂದಕ್ಕೆ 12 ಸೆಂಟಿಮೀಟರ್ ಚಾಚಿದ ಕಡ್ಡಿಗೆ 150 ಗ್ರಾಂ ತೂಕದ ಕಬ್ಬಿಣದ ನಟ್ಟುಗಳನ್ನು ಕಟ್ಟಿದ್ದಾನೆ. 1.8 ಅಲ್ಲಿಯೇ ತೀರಿತು. ಮೋಟಾರಿಗೆ ಉಳಿದದ್ದು 0.5. ತೋಳು ರಬ್ಬರನ್ನು ಹಿಡಿದು ಎದ್ದಿತು.

ಆದರೆ ಮೊಣಕೈಯನ್ನು ಪೂರ್ತಿ ಮಡಿಚಿದಾಗ ಮುಂದಿನ ಭಾರ ಕಡಿಮೆಯಾಗಿ, ಹಿಂದಿನ ಕಲ್ಲು ಗೆದ್ದು, ತೋಳು ಬೆನ್ನ ಕಡೆಗೆ ಎರಗುತ್ತಿದೆ. ಅವನ ಲೆಕ್ಕದಂತೆ ಆ ಕಡೆಗೆ 1.1. ಕಲ್ಲನ್ನು ಹಗುರ ಮಾಡುವುದೋ, ಮೊಣಕೈ ಮಡಿದಂತೆ ಕಲ್ಲೂ ಭುಜದತ್ತ ಜಾರುವಂತೆ ದಾರ ಕಟ್ಟುವುದೋ ಎಂದು ಕೇಳಲು ಬಂದಿದ್ದನು. ನಾನು ಇನ್ನೂ ಉತ್ತರ ಹೇಳಿಲ್ಲ. ಕಾಲೇಜಿನ ತಕ್ಕಡಿಯನ್ನು ಒಂದು ವಾರ ಮನೆಗೆ ಒಯ್ಯಲು ಅನುಮತಿ ಕೊಟ್ಟಿದ್ದೇನೆ.